ಜೆರುಸಲೇಮ್ ಯಾರದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ಜೆರುಸಲೇಮಿನ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಕೆಲವರು ಪತ್ರ ಬರೆದು ಕೇಳಿದ್ದಾರೆ, ಕೆಲವರು ಉಪನ್ಯಾಸ ಮುಗಿದ ಮೇಲೆ ಬಾಗಿಲ ಬಳಿ ನಿಲ್ಲಿಸಿ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಊರಿನ ಜಗಳವನ್ನು ಧರ್ಮಗ್ರಂಥಗಳಿಂದಷ್ಟೇ ಅರಿಯಲು ಹೊರಟರೆ ತಿಳಿಯುವುದು ಅರ್ಧ ಮಾತ್ರ. ಯಾವ ಮೆಟ್ಟಿಲನ್ನು ಯಾರು ಗುಡಿಸುತ್ತಾರೆ, ಯಾವ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆ, ಯಾವ ಮನೆಯ ಪತ್ರ ಯಾರ ಹೆಸರಿನಲ್ಲಿದೆ ಎಂದು ನೋಡಿದಾಗ ಉಳಿದರ್ಧ ತಿಳಿಯುತ್ತದೆ.

## ಮೊದಲು ಕೇಳುವ ಪ್ರಶ್ನೆಗಳು

ಒಂದೇ ಊರು ಮೂರು ಧರ್ಮಗಳಿಗೂ ಪವಿತ್ರವಾದದ್ದು ಹೇಗೆ?

ಯಹೂದಿಗಳಿಗೆ ಇದು ದಾವೀದನ ರಾಜಧಾನಿ, ಅವನ ಮಗ ಸೊಲೊಮೋನ ದೇವಾಲಯ ಕಟ್ಟಿಸಿದ ನೆಲ. ಇಂದಿಗೂ ಯಹೂದಿಗಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಪ್ರಾರ್ಥನೆಗೆ ಮುಖ ಮಾಡುವುದು ಈ ಕಡೆಗೇ. ಕ್ರೈಸ್ತರಿಗೆ ಇದು ಯೇಸು ಶಿಲುಬೆಗೇರಿದ, ಸಮಾಧಿಯಿಂದ ಎದ್ದುಬಂದ ಊರು. ಮಂಗಳೂರಿನ ಚರ್ಚುಗಳಲ್ಲಿ ಗರಿಗಳ ಭಾನುವಾರ ನಡೆಯುವ ಮೆರವಣಿಗೆ ನೆನೆಯುವುದು ಯೇಸು ಇದೇ ಊರನ್ನು ಪ್ರವೇಶಿಸಿದ ದಿನವನ್ನು. ಮುಸ್ಲಿಮರ ನಂಬಿಕೆಯಂತೆ ಪ್ರವಾದಿ ಮುಹಮ್ಮದರು ಒಂದೇ ರಾತ್ರಿಯಲ್ಲಿ ಮೆಕ್ಕಾದಿಂದ ಇಲ್ಲಿಗೆ ಬಂದು, ಇಲ್ಲಿಂದ ಆಕಾಶಕ್ಕೇರಿದರು. ಶಬೆ ಮೇರಾಜ್ ಆಚರಿಸುವುದು ಅದರ ನೆನಪಿಗೆ. 624ರಲ್ಲಿ ಮೆಕ್ಕಾದ ಕಡೆಗೆ ತಿರುಗುವ ಮುನ್ನ ಮುಸ್ಲಿಮರ ನಮಾಜಿನ ದಿಕ್ಕೂ ಇದೇ ಆಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಮೂರೂ ನಂಬಿಕೆಗಳು ಬೇರೆ ಬೇರೆಯಾಗಿ ಬಂದು ಆಕಸ್ಮಿಕವಾಗಿ ಒಂದೇ ಊರಿನಲ್ಲಿ ಸೇರಿದವಲ್ಲ. ನಂತರ ಬಂದ ಎರಡೂ ಧರ್ಮಗಳು ಮೊದಲಿನದರ ಪ್ರವಾದಿಗಳನ್ನು ತಮ್ಮವರೆಂದೇ ಒಪ್ಪಿಕೊಂಡವು. ಪರಂಪರೆ ಒಂದೇ ಆದ್ದರಿಂದ ಜಗಳ ವಾರಸುದಾರಿಕೆಯದು.

ಜಗಳವಿರುವ ಜಾಗ ನಿಜಕ್ಕೂ ಎಷ್ಟು ದೊಡ್ಡದು?

ನಂಬಲಾಗದಷ್ಟು ಚಿಕ್ಕದು. ಒಟ್ಟೋಮನ್ ಸುಲ್ತಾನ ಸುಲೇಮಾನ್ 16ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಯೊಳಗಿನ ಹಳೆಯ ಊರು ಒಂದು ಚದರ ಕಿಲೋಮೀಟರಿಗಿಂತ ಕಡಿಮೆ, ಅಂದರೆ ಸುಮಾರು 220 ಎಕರೆ. ಅದರಲ್ಲೇ ಮುಸ್ಲಿಂ, ಕ್ರೈಸ್ತ, ಯಹೂದಿ, ಅರ್ಮೇನಿಯನ್ ಎಂಬ ನಾಲ್ಕು ಕೇರಿಗಳಿವೆ. ಆಗ್ನೇಯ ಮೂಲೆಯ ಸುಮಾರು 35 ಎಕರೆಯ ಎತ್ತರದ ಜಗಲಿಯನ್ನು ಯಹೂದಿಗಳು ದೇವಾಲಯದ ಗುಡ್ಡ ಎಂದೂ ಮುಸ್ಲಿಮರು ಹರಮ್ ಅಲ್-ಶರೀಫ್ ಎಂದೂ ಕರೆಯುತ್ತಾರೆ. ಅಲ್ಲಿಂದ ಯೇಸುವಿನ ಸಮಾಧಿಯ ಚರ್ಚಿಗೆ ಗಲ್ಲಿಗಳಲ್ಲಿ ನಡೆದರೆ ಹತ್ತು ನಿಮಿಷದ ದಾರಿ.

ಚಿನ್ನದ ಗುಮ್ಮಟವಿರುವುದೇ ಅಲ್-ಅಕ್ಸಾ ಮಸೀದಿ ಅಲ್ಲವೇ?

ಅಲ್ಲ. ಚಿನ್ನದ ಬಣ್ಣದ ಎಂಟು ಮೂಲೆಯ ಕಟ್ಟಡ ಬಂಡೆಯ ಗುಮ್ಮಟ. ಉಮಯ್ಯದ್ ಖಲೀಫ ಅಬ್ದ್ ಅಲ್-ಮಲಿಕ್ ಅದನ್ನು 691-92ರ ಹೊತ್ತಿಗೆ ಕಟ್ಟಿಸಿದ. ಒಳಗೆ ನೆಲದಿಂದ ಎದ್ದುನಿಂತ ಹೆಬ್ಬಂಡೆಯಿದೆ. ಸಾಮೂಹಿಕ ನಮಾಜು ನಡೆಯುವ ಮುಖ್ಯ ಮಸೀದಿ ಜಗಲಿಯ ದಕ್ಷಿಣ ತುದಿಯಲ್ಲಿದೆ, ಅದರ ಗುಮ್ಮಟ ಬೂದು ಬಣ್ಣದ್ದು. ಆದರೆ ಮುಸ್ಲಿಮರು ‘ಅಲ್-ಅಕ್ಸಾ’ ಎಂದಾಗ ಸಾಮಾನ್ಯವಾಗಿ ಇಡೀ ಜಗಲಿಯನ್ನೇ ಸೂಚಿಸುತ್ತಾರೆ. ಸುದ್ದಿ ಓದುವಾಗ ಇದನ್ನು ನೆನಪಿನಲ್ಲಿಡಬೇಕು. ಅಂಗಳದಲ್ಲಿ ಏನಾದರೂ ನಡೆದರೆ ಅವರ ಪಾಲಿಗೆ ಅದು ಮಸೀದಿಯೊಳಗೇ ನಡೆದಂತೆ.

ಯಹೂದಿಗಳು ಆ ಗೋಡೆಗೆ ತಲೆಯಿಟ್ಟು ಅಳುವುದೇಕೆ?

ಸೊಲೊಮೋನನ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ನೆಬುಕದ್ನೆಚ್ಚರನ ಸೇನೆ ಸುಟ್ಟಿತು. ಗಡೀಪಾರಾದವರಿಗೆ ಮರಳಲು ಪರ್ಷಿಯಾದ ದೊರೆ ಸೈರಸ್ ಅನುಮತಿ ಕೊಟ್ಟ ಮೇಲೆ ಎರಡನೆಯ ದೇವಾಲಯ ಎದ್ದಿತು. ಹೆರೋದ ರಾಜ ಅದನ್ನು ವೈಭವದಿಂದ ವಿಸ್ತರಿಸಿದ, ಅದಕ್ಕಾಗಿ ದೊಡ್ಡ ಜಗಲಿ ಕಟ್ಟಿಸಿದ. ಕ್ರಿ.ಶ. 70ರಲ್ಲಿ ಯಹೂದಿಗಳ ದಂಗೆಯನ್ನು ಅಡಗಿಸಿದ ರೋಮನ್ ಸೇನಾಪತಿ ಟೈಟಸ್ ಆ ದೇವಾಲಯವನ್ನೂ ನೆಲಸಮ ಮಾಡಿದ. ಅಲ್ಲಿಂದ ಹೊತ್ತೊಯ್ದ ಏಳು ಕವಲಿನ ದೀಪಸ್ತಂಭದ ಕೆತ್ತನೆಯನ್ನು ರೋಮಿನ ಟೈಟಸ್ ಕಮಾನಿನಲ್ಲಿ ಇಂದಿಗೂ ಕಾಣಬಹುದು.

ಪಶ್ಚಿಮ ಗೋಡೆ ದೇವಾಲಯದ ಗೋಡೆಯಲ್ಲ, ಹೆರೋದನ ಜಗಲಿಯನ್ನು ಹಿಡಿದು ನಿಲ್ಲಿಸಿರುವ ತಡೆಗೋಡೆ. ದೇವಾಲಯವಿದ್ದ ಜಾಗಕ್ಕೆ ತೀರ ಹತ್ತಿರ ನಿಂತು ಪ್ರಾರ್ಥಿಸಲು ಯಹೂದಿಗಳಿಗೆ ಉಳಿದದ್ದು ಅದು. ಕಲ್ಲುಗಳ ಸಂದಿನಲ್ಲಿ ಹರಕೆಯ ಚೀಟಿ ತುರುಕುವವರನ್ನು ಚಿತ್ರಗಳಲ್ಲಿ ನೀವು ನೋಡಿರುತ್ತೀರಿ.

## ಇತಿಹಾಸದ ಪ್ರಶ್ನೆಗಳು

ಯಹೂದಿಗಳನ್ನು ಆ ಊರಿನಿಂದ ಓಡಿಸಿದವರು ಮುಸ್ಲಿಮರೇ ತಾನೆ?

ಅಲ್ಲ. ಓಡಿಸಿದವರು ರೋಮನ್ನರು. ಬಾರ್ ಕೊಖ್ಬನ ನಾಯಕತ್ವದಲ್ಲಿ 132ರಿಂದ 135ರವರೆಗೆ ನಡೆದ ದಂಗೆಯನ್ನು ಚಕ್ರವರ್ತಿ ಹೇಡ್ರಿಯನ್ ರಕ್ತದಲ್ಲಿ ಮುಳುಗಿಸಿದ. ಊರಿಗೆ ಏಲಿಯಾ ಕ್ಯಾಪಿಟೊಲಿನಾ ಎಂದು ಹೆಸರಿಟ್ಟು, ಯಹೂದಿಗಳು ಕಾಲಿಡದಂತೆ ನಿಷೇಧಿಸಿದ. ಕ್ರೈಸ್ತ ಚಕ್ರವರ್ತಿಗಳ ಕಾಲದಲ್ಲೂ ನಿರ್ಬಂಧ ಬಹುಪಾಲು ಮುಂದುವರಿಯಿತು. ದೇವಾಲಯವಿದ್ದ ಜಾಗ ಹಾಳುಬಿದ್ದಿತ್ತು.

638ರ ಸುಮಾರಿಗೆ ಊರು ಖಲೀಫ ಉಮರ್ ಅವರಿಗೆ ಶರಣಾಯಿತು. ಊರನ್ನು ಒಪ್ಪಿಸಿದವರು ಕ್ರೈಸ್ತರ ಧರ್ಮಾಧ್ಯಕ್ಷ ಸೊಫ್ರೋನಿಯಸ್. ಯಹೂದಿಗಳು ಮತ್ತೆ ಅಲ್ಲಿ ನೆಲೆಸತೊಡಗಿದ್ದು ಆ ಬಳಿಕವೇ. ಹಾಗೆಂದು ಮುಸ್ಲಿಂ ಆಳ್ವಿಕೆಯೆಲ್ಲ ಒಂದೇ ಬಗೆಯದಾಗಿತ್ತು ಎನ್ನಲಾಗದು. 1009ರಲ್ಲಿ ಈಜಿಪ್ಟಿನ ಫಾತಿಮಿ ವಂಶದ ಖಲೀಫ ಅಲ್-ಹಾಕಿಮ್ ಸಮಾಧಿಯ ಚರ್ಚನ್ನು ಕೆಡವಿಸಿದ. ಅದೇ ವಂಶದ ಮುಂದಿನ ಖಲೀಫರ ಒಪ್ಪಿಗೆಯಿಂದ ಪೂರ್ವದ ಕ್ರೈಸ್ತ ಸಾಮ್ರಾಜ್ಯವಾದ ಬೈಜಾಂಟಿಯಮ್‌ನವರು ಅದನ್ನು ಮತ್ತೆ ಕಟ್ಟಿದರು.

ಕ್ರುಸೇಡ್ ಎಂದರೆ ಕ್ರೈಸ್ತರಿಗೂ ಮುಸ್ಲಿಮರಿಗೂ ನಡೆದ ಯುದ್ಧ, ಅಷ್ಟೇ ಅಲ್ಲವೇ?

ಶಾಲೆಯಲ್ಲಿ ಹಾಗೆ ಓದಿದ್ದೇವೆ, ನಡೆದದ್ದು ಅಷ್ಟು ಸರಳವಾಗಿರಲಿಲ್ಲ. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕರೆಕೊಟ್ಟಾಗ ಜೆರುಸಲೇಮ್ ತುರ್ಕರ ಕೈಯಲ್ಲಿತ್ತು. ಪಶ್ಚಿಮದ ಸೇನೆ ದಾರಿಯಲ್ಲಿರುವಾಗಲೇ, 1098ರಲ್ಲಿ, ಈಜಿಪ್ಟಿನ ಫಾತಿಮಿಗಳು ತುರ್ಕರಿಂದ ಅದನ್ನು ಕಿತ್ತುಕೊಂಡಿದ್ದರು. ಮುಸ್ಲಿಮರಲ್ಲೇ ಶಿಯಾ ಖಲೀಫನಿಗೂ ಸುನ್ನಿ ಸುಲ್ತಾನರಿಗೂ ನಡೆದಿದ್ದ ಆ ಕಾದಾಟ ಕ್ರುಸೇಡಿನ ಸೇನೆಗೆ ದಾರಿ ಮಾಡಿಕೊಟ್ಟಿತು.

1099ರ ಜುಲೈ 15ರಂದು ಕೋಟೆ ಬಿತ್ತು. ಒಳಗಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ ಗಂಡು ಹೆಣ್ಣೆನ್ನದೆ ಕೊಂದರು. ಪ್ರಾರ್ಥನಾ ಮಂದಿರದಲ್ಲಿ ಅಡಗಿದ್ದ ಯಹೂದಿಗಳನ್ನು ಮಂದಿರದ ಸಮೇತ ಸುಟ್ಟರು. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಹತ್ಯಾಕಾಂಡದ ಬಗ್ಗೆ ಅನುಮಾನವೂ ಇಲ್ಲ, ಏಕೆಂದರೆ ಗೆದ್ದವರ ಕಡೆಯ ಬರಹಗಾರರೇ ಅದನ್ನು ಹೆಮ್ಮೆಯಿಂದ ಬರೆದಿಟ್ಟಿದ್ದಾರೆ. ಸ್ಥಳೀಯ ಪೌರಸ್ತ್ಯ ಕ್ರೈಸ್ತರ ಪಾಡು ಇನ್ನೊಂದು ಬಗೆಯದು. ಮುತ್ತಿಗೆಗೆ ಮುಂಚೆ ಫಾತಿಮಿ ಅಧಿಕಾರಿ ಅವರನ್ನು ಊರಿನಿಂದ ಹೊರಹಾಕಿದ್ದ. ಗೆದ್ದು ಬಂದ ಲ್ಯಾಟಿನ್ (ಪಶ್ಚಿಮ ಯುರೋಪಿನ) ಕ್ರೈಸ್ತರು ಅವರ ಪಾದ್ರಿಗಳನ್ನು ಸಮಾಧಿಯ ಚರ್ಚಿನಲ್ಲಿ ಮೂಲೆಗೆ ತಳ್ಳಿದರು. 1204ರಲ್ಲಿ ನಾಲ್ಕನೆಯ ಕ್ರುಸೇಡ್ ಲೂಟಿ ಮಾಡಿದ್ದು ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು.

ಸಲಾದಿನ್ ನಿಜಕ್ಕೂ ಅಷ್ಟು ಉದಾರಿಯಾಗಿದ್ದನೇ?

ಈಜಿಪ್ಟ್ ಮತ್ತು ಸಿರಿಯಾದ ಸುಲ್ತಾನನಾಗಿದ್ದ ಅವನು 1187ರ ಅಕ್ಟೋಬರ್ 2ರಂದು ಕ್ರುಸೇಡಿನವರಿಂದ ಊರನ್ನು ವಶಪಡಿಸಿಕೊಂಡಾಗ ಹತ್ಯಾಕಾಂಡ ನಡೆಯಲಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಆ ಕರುಣೆಯ ಹಿಂದೆ ಚೌಕಾಸಿಯೂ ಇತ್ತು. ಊರನ್ನು ಕಾಯುತ್ತಿದ್ದ ಬಾಲಿಯನ್, ಶರಣಾಗತಿಗೆ ಒಪ್ಪದಿದ್ದರೆ ಗುಮ್ಮಟವನ್ನೂ ಮಸೀದಿಯನ್ನೂ ಕೆಡವಿ, ಸೆರೆಯಲ್ಲಿದ್ದ ಮುಸ್ಲಿಮರನ್ನು ಕೊಲ್ಲುವುದಾಗಿ ಹೆದರಿಸಿದ್ದ. ಕೊನೆಗೆ ಗಂಡಸಿಗೆ 10 ದಿನಾರ್, ಹೆಂಗಸಿಗೆ 5 ದಿನಾರ್ ಒತ್ತೆಹಣ ಎಂದು ತೀರ್ಮಾನವಾಯಿತು. ಬಡವರಲ್ಲಿ ಅನೇಕರನ್ನು ಸಲಾದಿನ್ ಹಾಗೆಯೇ ಬಿಟ್ಟುಕೊಟ್ಟ. ಆದರೂ ಹಣ ಕಟ್ಟಲಾಗದ ಸಾವಿರಾರು ಜನ ಗುಲಾಮರಾದರು. 1099ರ ಪಕ್ಕದಲ್ಲಿಟ್ಟು ನೋಡಿದರೆ ಅವನು ದೊಡ್ಡವನಾಗಿಯೇ ಕಾಣುತ್ತಾನೆ, ಸಂತನನ್ನಾಗಿ ಮಾಡಬೇಕಿಲ್ಲ.

ಯುದ್ಧವಿಲ್ಲದೆ, ಬರೀ ಮಾತುಕತೆಯಿಂದ ಊರು ಕೈಬದಲಾದ ಉದಾಹರಣೆ ಇಲ್ಲವೇ?

ಇದೆ, ಅದನ್ನು ನೆನೆಯುವವರು ಮಾತ್ರ ಕಡಿಮೆ. 1229ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಮತ್ತು ಸಲಾದಿನ್‌ನ ತಮ್ಮನ ಮಗ ಸುಲ್ತಾನ ಅಲ್-ಕಾಮಿಲ್ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡರು. ಊರು ಕ್ರೈಸ್ತರಿಗೆ, ಹರಮ್ ಮುಸ್ಲಿಮರಿಗೆ. ರಕ್ತ ಹರಿಯಲಿಲ್ಲ. ಆದರೆ ಎರಡೂ ಕಡೆಯವರು ತಮ್ಮ ದೊರೆಯನ್ನೇ ಶಪಿಸಿದರು. ಫ್ರೆಡರಿಕ್ ಆ ಹೊತ್ತಿಗೆ ಪೋಪನಿಂದ ಬಹಿಷ್ಕೃತನಾಗಿದ್ದ, ಅಲ್-ಕಾಮಿಲ್ ದ್ರೋಹಿಯೆಂದು ಮಸೀದಿಗಳಲ್ಲಿ ಕೂಗೆದ್ದಿತು. 1244ರಲ್ಲಿ ಮಧ್ಯ ಏಷ್ಯಾ ಮೂಲದ ಖ್ವಾರಜ್ಮಿ ಸವಾರರು ದಾಳಿಯಿಟ್ಟು ಊರನ್ನು ಹಾಳುಗೆಡವಿದರು.

ಯೇಸುವಿನ ಸಮಾಧಿಯ ಚರ್ಚಿನ ಬೀಗದ ಕೈ ಮುಸ್ಲಿಂ ಕುಟುಂಬದ ಬಳಿ ಇದೆಯಂತೆ, ಹೌದೇ?

ಹೌದು. ಜೂದೆ ಮನೆತನ ಬೀಗದ ಕೈಯನ್ನು ಕಾಯುತ್ತದೆ, ನುಸೈಬೆ ಮನೆತನ ಬಾಗಿಲು ತೆರೆದು ಮುಚ್ಚುತ್ತದೆ. ತಲೆಮಾರುಗಳಿಂದ ನಡೆದು ಬಂದ ಪದ್ಧತಿ ಇದು. ಒಳಗಿನ ಆರು ಪಂಗಡಗಳಲ್ಲಿ ಯಾರೊಬ್ಬರ ಕೈಗೆ ಬೀಗದ ಕೈ ಕೊಟ್ಟರೂ ಉಳಿದ ಐವರು ಒಪ್ಪುವುದಿಲ್ಲ.

ಗ್ರೀಕ್ ಆರ್ಥೊಡಾಕ್ಸ್, ಕ್ಯಾಥೊಲಿಕ್ ಮತ್ತು ಅರ್ಮೇನಿಯನ್ನರು ದೊಡ್ಡ ಪಾಲುದಾರರು. ಕಾಪ್ಟ್, ಸಿರಿಯನ್ ಮತ್ತು ಇಥಿಯೋಪಿಯನ್ನರದು ಸಣ್ಣ ಪಾಲು. ಯಾವ ದೀಪ ಯಾರದ್ದು, ಯಾವ ಕಂಬಕ್ಕೆ ಯಾರು ಧೂಪ ಹಾಕಬೇಕು, ಯಾವ ಗಂಟೆಗೆ ಯಾರ ಪೂಜೆ ಎಂಬುದೆಲ್ಲ ಯಥಾಸ್ಥಿತಿ ವ್ಯವಸ್ಥೆಯಂತೆ ನಡೆಯುತ್ತದೆ. ಒಟ್ಟೋಮನ್ ಸುಲ್ತಾನ 1852ರ ಫರ್ಮಾನಿನಲ್ಲಿ ಅದನ್ನು ಗಟ್ಟಿಮಾಡಿದ. ನಿಯಮದ ತಿರುಳು ಇಷ್ಟೆ: ಒಂದು ಜಾಗವನ್ನು ಗುಡಿಸಿದವನಿಗೆ, ದುರಸ್ತಿ ಮಾಡಿದವನಿಗೆ ಅದರ ಮೇಲೆ ಹಕ್ಕು ಹುಟ್ಟುತ್ತದೆ.

ಹಾಗಾಗಿ ಗುಡಿಸುವುದಕ್ಕೂ ಹೊಡೆದಾಟ ನಡೆದಿದೆ. 1901ರಲ್ಲಿ ಅಂಗಳದ ಒಂದು ಮೆಟ್ಟಿಲನ್ನು ಯಾರು ಗುಡಿಸಬೇಕೆಂಬ ವಿಷಯಕ್ಕೆ ಗ್ರೀಕ್ ಮತ್ತು ಫ್ರಾನ್ಸಿಸ್ಕನ್ (ಕ್ಯಾಥೊಲಿಕ್) ಸನ್ಯಾಸಿಗಳು ಬಡಿದಾಡಿಕೊಂಡರು. ಚಾವಣಿಯ ಮೇಲಿನ ಮಠಕ್ಕಾಗಿ ಕಾಪ್ಟ್ ಮತ್ತು ಇಥಿಯೋಪಿಯನ್ನರ ನಡುವೆ ಹಳೆಯ ವ್ಯಾಜ್ಯವಿದೆ. 2002ರ ಬೇಸಿಗೆಯಲ್ಲಿ ಅಲ್ಲಿ ಕುಳಿತಿದ್ದ ಕಾಪ್ಟಿಕ್ ಸನ್ಯಾಸಿಯೊಬ್ಬರು ಬಿಸಿಲು ತಾಳದೆ ಕುರ್ಚಿಯನ್ನು ನೆರಳಿಗೆ ಸರಿಸಿದರು. ಅದನ್ನು ಅತಿಕ್ರಮಣವೆಂದು ಕಂಡವರು ಕೈಮಾಡಿದರು, 11 ಮಂದಿ ಆಸ್ಪತ್ರೆ ಸೇರಿದರು. ಮುಖ್ಯದ್ವಾರದ ಮೇಲಿನ ಕಿಟಕಿಗೆ ಒರಗಿಸಿದ ಮರದ ಏಣಿಯೊಂದಿದೆ. 1728ರ ಚಿತ್ರದಲ್ಲೂ ಅಲ್ಲಿ ಏಣಿ ಕಾಣುತ್ತದೆ, ಇಂದೂ ಇದೆ. ಎಲ್ಲರೂ ಒಪ್ಪದೆ ಅದನ್ನು ಯಾರೂ ತೆಗೆಯುವಂತಿಲ್ಲ.

ನಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಈ ವ್ಯವಸ್ಥೆ ಸಮಾಧಿಯ ಗುಡಿಯನ್ನೇ ಕುಸಿಯುವ ಹಂತಕ್ಕೆ ತಂದಿತ್ತು ನಿಜ. ಬ್ರಿಟಿಷರು 1947ರಲ್ಲಿ ಅದರ ಸುತ್ತ ಉಕ್ಕಿನ ತೊಲೆ ಕಟ್ಟಿ ಹೋದ ಮೇಲೆ, ಮೂರು ದೊಡ್ಡ ಪಂಗಡಗಳು ಒಮ್ಮತಕ್ಕೆ ಬಂದು ಜೀರ್ಣೋದ್ಧಾರ ಆರಂಭಿಸಲು 2016 ಬರಬೇಕಾಯಿತು. ಆದರೂ ಇಷ್ಟೊಂದು ಪರಸ್ಪರ ಅಪನಂಬಿಕೆಯಿರುವ ಆರು ಪಂಗಡಗಳು ಒಂದೇ ಸೂರಿನಡಿ ದಿನವೂ ಪೂಜೆ ನಡೆಸಿಕೊಂಡು ಬಂದಿವೆ. ಅದನ್ನು ಸಾಧ್ಯವಾಗಿಸಿದ್ದು ಈ ಕಟ್ಟುನಿಟ್ಟೇ.

ಮೈಸೂರಿನ ಸೈನಿಕರು ಜೆರುಸಲೇಮ್ ಗೆದ್ದರೆಂದು ಕೇಳಿದ್ದೇನೆ.

ಮೈಸೂರು ಲ್ಯಾನ್ಸರ್ಸ್ ಹೋರಾಡಿ ಗೆದ್ದದ್ದು ಜೆರುಸಲೇಮನ್ನಲ್ಲ, ಹೈಫಾವನ್ನು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳ ಊರಿನ ಮೇಲೆ ನುಗ್ಗಿದರೆ, ಮೈಸೂರಿನ ಸವಾರರ ಒಂದು ತುಕಡಿ ಕಾರ್ಮೆಲ್ ಗುಡ್ಡವೇರಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಈ ಸವಾರರವೇ.

ಜೆರುಸಲೇಮ್ ಅದಕ್ಕೂ ಮೊದಲೇ, 1917ರ ಡಿಸೆಂಬರ್ 9ರಂದು, ಬ್ರಿಟಿಷರಿಗೆ ಶರಣಾಗಿತ್ತು. ಎರಡು ದಿನದ ಬಳಿಕ ಜನರಲ್ ಅಲೆನ್‌ಬಿ ಯಾಫಾ ದ್ವಾರದಲ್ಲಿ ಕುದುರೆಯಿಳಿದು ನಡೆದೇ ಒಳಹೊಕ್ಕ. ಹರಮ್ ಸುತ್ತ ಕಾವಲಿಗೆ ಅವನು ನಿಲ್ಲಿಸಿದ್ದು ಭಾರತದ ಮುಸ್ಲಿಂ ಸೈನಿಕರನ್ನು. ಊರಿನೊಡನೆ ಭಾರತದ ನಂಟು ಇನ್ನೂ ಹಳೆಯದು. ಹೆರೋದ ದ್ವಾರದ ಬಳಿ ಸೂಫಿ ಸಂತ ಬಾಬಾ ಫರೀದರ ಹೆಸರಿನೊಡನೆ ಬೆಸೆದ ಭಾರತೀಯ ಯಾತ್ರಿಕರ ಛತ್ರವಿದೆ. ಖಿಲಾಫತ್ ಚಳವಳಿಯ ಮೌಲಾನಾ ಮೊಹಮ್ಮದ್ ಅಲಿ 1931ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಅವರನ್ನು ಮಣ್ಣುಮಾಡಿದ್ದು ಜೆರುಸಲೇಮಿನ ಹರಮ್ ಬಳಿ.

## ಇಂದಿನ ಜಗಳಕ್ಕೆ ಹತ್ತಿರದ ಪ್ರಶ್ನೆಗಳು

ಅರಬರೂ ಯಹೂದಿಗಳೂ ಒಬ್ಬರನ್ನೊಬ್ಬರು ಕೊಲ್ಲುವ ಮಟ್ಟಕ್ಕೆ ಬಂದದ್ದು ಯಾವಾಗ?

ಬ್ರಿಟಿಷ್ ಸರ್ಕಾರದ 1917ರ ಬಾಲ್ಫರ್ ಘೋಷಣೆ ಯಹೂದಿಗಳಿಗೆ ಪ್ಯಾಲೆಸ್ಟೀನಿನಲ್ಲಿ ‘ರಾಷ್ಟ್ರೀಯ ನೆಲೆ’ಯ ಭರವಸೆ ಕೊಟ್ಟಿತು. ಅಲ್ಲಿ ಬಹುಸಂಖ್ಯಾತರಾಗಿದ್ದ ಅರಬರನ್ನು ಯಾರೂ ಕೇಳಲಿಲ್ಲ. ವಲಸೆ ಹೆಚ್ಚಿದಂತೆ ಭಯವೂ ಹೆಚ್ಚಿತು, 1920ರಲ್ಲೇ ಜೆರುಸಲೇಮಿನಲ್ಲಿ ಗಲಭೆಯಾಯಿತು. ಕಾಡ್ಗಿಚ್ಚಾದದ್ದು ಮಾತ್ರ ಒಂದು ಪರದೆಯಿಂದ.

1928ರ ಯೋಮ್ ಕಿಪ್ಪುರ್ ಹಬ್ಬಕ್ಕೆ ಯಹೂದಿಗಳು ಪಶ್ಚಿಮ ಗೋಡೆಯ ಮುಂದೆ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುವ ಪರದೆ ನಿಲ್ಲಿಸಿದರು. ಆಗ ಅಲ್ಲಿದ್ದುದು ಕಿರಿದಾದ ಓಣಿ, ನೆಲ ಮುಸ್ಲಿಂ ವಕ್ಫ್‌ನದು. ಇಂದು ಪರದೆ, ನಾಳೆ ಬೆಂಚು, ನಾಡಿದ್ದು ಪ್ರಾರ್ಥನಾ ಮಂದಿರ ಎಂದು ಮುಸ್ಲಿಂ ನಾಯಕರು ದೂರಿದರು. ಬ್ರಿಟಿಷ್ ಪೊಲೀಸರು ಪ್ರಾರ್ಥನೆಯ ನಡುವೆಯೇ ಪರದೆ ಕಿತ್ತರು. ಎರಡೂ ಕಡೆ ಒಂದು ವರ್ಷ ಮೆರವಣಿಗೆ, ವದಂತಿ. 1929ರ ಆಗಸ್ಟಿನಲ್ಲಿ ಹಿಂಸೆ ಭುಗಿಲೆದ್ದು 133 ಯಹೂದಿಗಳೂ 116 ಅರಬರೂ ಸತ್ತರು. ಸತ್ತ ಯಹೂದಿಗಳಲ್ಲಿ ಅರ್ಧದಷ್ಟು ಜನ ಹೆಬ್ರಾನಿನವರು. ಯಥಾಸ್ಥಿತಿಯಲ್ಲಿ ಕೂದಲೆಳೆಯ ಬದಲಾವಣೆಗೂ ಜನ ಏಕೆ ಬೆಚ್ಚುತ್ತಾರೆ ಎಂದು ಕೇಳುವವರಿಗೆ ನಾನು ಈ ಪರದೆಯ ಕಥೆಯನ್ನೇ ಹೇಳುತ್ತೇನೆ.

1948ರಲ್ಲಿ ಊರು ಎರಡು ಭಾಗವಾದದ್ದು ಹೇಗೆ?

1947ರ ವಿಶ್ವಸಂಸ್ಥೆಯ ವಿಭಜನಾ ಯೋಜನೆ ಜೆರುಸಲೇಮನ್ನು ಯಾರಿಗೂ ಕೊಡದೆ ಅಂತರರಾಷ್ಟ್ರೀಯ ಆಡಳಿತದಲ್ಲಿಡಲು ಹೇಳಿತ್ತು. ಯುದ್ಧ ಅದನ್ನು ನುಂಗಿತು. ಪಶ್ಚಿಮ ಭಾಗ ಇಸ್ರೇಲಿಗೆ, ಹಳೆಯ ಊರೂ ಸೇರಿ ಪೂರ್ವ ಭಾಗ ಜೋರ್ಡಾನಿಗೆ ಹೋಯಿತು. ಪಶ್ಚಿಮದ ಕತಮೋನ್, ತಲ್ಬಿಯಾ ಬಡಾವಣೆಗಳ ಅರಬರು ಮನೆ ಬಿಟ್ಟು ಹೋದರು, ಮತ್ತೆ ಮರಳಲು ಬಿಡಲಿಲ್ಲ. ಹಳೆಯ ಊರಿನ ಯಹೂದಿ ಕೇರಿ ಮೇ 28ರಂದು ಶರಣಾಯಿತು, ಅಲ್ಲಿನವರನ್ನೆಲ್ಲ ಹೊರಹಾಕಿದರು. ಕದನವಿರಾಮದ ಒಪ್ಪಂದದಲ್ಲಿ ಪವಿತ್ರ ಸ್ಥಳಗಳಿಗೆ ಪ್ರವೇಶದ ಮಾತಿದ್ದರೂ 19 ವರ್ಷ ಇಸ್ರೇಲಿನ ಯಹೂದಿಗಳಿಗೆ ಪಶ್ಚಿಮ ಗೋಡೆಯ ದರ್ಶನವಾಗಲಿಲ್ಲ.

1967ರಲ್ಲಿ ಗೆದ್ದ ಮೇಲೂ ಇಸ್ರೇಲ್ ಆ ಗುಡ್ಡವನ್ನು ಮುಸ್ಲಿಂ ವಕ್ಫ್‌ಗೆ ಬಿಟ್ಟುಕೊಟ್ಟದ್ದೇಕೆ?

ಜೋರ್ಡಾನಿನ ಕೈಯಲ್ಲಿದ್ದ ಪೂರ್ವ ಭಾಗವನ್ನು ಇಸ್ರೇಲ್ ಗೆದ್ದುಕೊಂಡ ಆ ಯುದ್ಧದಲ್ಲಿ, ಜೂನ್ 7ರಂದು, ಇಸ್ರೇಲಿ ಪ್ಯಾರಾಟ್ರೂಪರ್‌ಗಳು ಗುಡ್ಡದ ಮೇಲೆ ಧ್ವಜ ಹಾರಿಸಿದಾಗ ಅದನ್ನು ಇಳಿಸಲು ಹೇಳಿದವನು ರಕ್ಷಣಾ ಸಚಿವ ಮೋಶೆ ದಯಾನ್. ಇಡೀ ಮುಸ್ಲಿಂ ಜಗತ್ತಿನೊಡನೆ ಧರ್ಮಯುದ್ಧ ಅವನಿಗೆ ಬೇಕಿರಲಿಲ್ಲ. ಒಳಗಿನ ಆಡಳಿತ ಜೋರ್ಡಾನಿನ ವಕ್ಫ್‌ಗೆ, ಹೊರಗಿನ ಭದ್ರತೆ ಇಸ್ರೇಲಿಗೆ. ಯಹೂದಿಗಳು ನೋಡಲು ಬರಬಹುದು, ಪ್ರಾರ್ಥಿಸುವಂತಿಲ್ಲ. ಯಹೂದಿ ಧರ್ಮಗುರುಗಳ ನಿಲುವೂ ಇದಕ್ಕೆ ಅನುಕೂಲವಾಯಿತು. ದೇವಾಲಯದ ಗರ್ಭಗುಡಿ ಎಲ್ಲಿತ್ತೆಂದು ನಿಖರವಾಗಿ ತಿಳಿಯದ ಕಾರಣ, ಮೈಲಿಗೆಯಲ್ಲಿ ಅದನ್ನು ತುಳಿದೇವೆಂಬ ಭಯದಿಂದ, ಗುಡ್ಡ ಹತ್ತಲೇಬಾರದೆಂದು ಅವರು ಆಜ್ಞೆ ಹೊರಡಿಸಿದರು.

ಗೋಡೆಯ ಮುಂದಿನ ಕಥೆ ಬೇರೆ. ಜೂನ್ 10ರ ರಾತ್ರಿ ಬುಲ್ಡೋಜರ್‌ಗಳು ಬಂದು ಉತ್ತರ ಆಫ್ರಿಕಾ ಮೂಲದ ಮುಸ್ಲಿಮರ, ಶತಮಾನಗಳಷ್ಟು ಹಳೆಯದಾದ ಮಗ್ರಿಬಿ ಕೇರಿಯನ್ನು ಕೆಡವಿದವು. ಸುಮಾರು 135 ಮನೆಗಳು ಹೋದವು. ಇಂದು ಸಾವಿರಾರು ಜನ ನಿಂತು ಪ್ರಾರ್ಥಿಸುವ ಮೈದಾನ ಆ ಮನೆಗಳಿದ್ದ ಜಾಗ. ಈ ವಿಷಯ ಪ್ರವಾಸಿ ಮಾರ್ಗದರ್ಶಕರ ಬಾಯಲ್ಲಿ ಬರುವುದು ಅಪರೂಪ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಾರೋ ರಾಜಕಾರಣಿ ಗುಡ್ಡಕ್ಕೆ ಭೇಟಿಕೊಟ್ಟರೆ ಇಷ್ಟೊಂದು ರಕ್ತಪಾತವೇಕೆ?

ಭೇಟಿಯನ್ನು ಅಲ್ಲಿ ಯಾರೂ ಬರೀ ಭೇಟಿ ಎಂದು ನೋಡುವುದಿಲ್ಲ. 2000ದ ಸೆಪ್ಟೆಂಬರ್ 28ರಂದು ಆಗ ವಿರೋಧ ಪಕ್ಷದ ನಾಯಕರಾಗಿದ್ದ ಏರಿಯಲ್ ಶರೋನ್ ನೂರಾರು ಪೊಲೀಸರೊಡನೆ ಅಲ್ಲಿ ನಡೆದಾಡಿದರು. ಮರುದಿನ ಗಲಭೆ, ಗೋಲಿಬಾರು; ಮುಂದೆ ಅದು ಎರಡನೆಯ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ಬಂಡಾಯ, ಆಯಿತು. ಸುಮಾರು 1,000 ಇಸ್ರೇಲಿಗಳು ಮತ್ತು 3,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತರು. ಮಾತುಕತೆ ಮುರಿದುಬಿದ್ದಿದ್ದ ಹತಾಶೆ ಮೊದಲೇ ಮಡುಗಟ್ಟಿತ್ತು, ಆದ್ದರಿಂದ ಆ ನಡಿಗೆಯೊಂದೇ ಕಾರಣವೆನ್ನುವುದು ತಪ್ಪು.

ಇತ್ತೀಚೆಗೆ ಯಥಾಸ್ಥಿತಿ ಸವೆಯುತ್ತಿದೆ. ಗುಡ್ಡದಲ್ಲಿ ಯಹೂದಿಗಳೂ ಪ್ರಾರ್ಥಿಸಬೇಕೆಂಬ ಗುಂಪುಗಳು ಬೆಳೆದಿವೆ. ಸಚಿವ ಇತಮಾರ್ ಬೆನ್-ಗ್ವಿರ್ ಬಹಿರಂಗವಾಗಿಯೇ ಅದನ್ನು ಬೆಂಬಲಿಸಿದ್ದಾರೆ. ತಮ್ಮ ಅತಿ ಪವಿತ್ರ ಜಾಗದಲ್ಲಿ ತುಟಿ ಅಲ್ಲಾಡಿಸಬಾರದೆಂಬ ನಿಯಮ ಭಕ್ತರಿಗೆ ನೋವಿನದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಂದೂಕು ಹಿಡಿದ ಪೊಲೀಸರ ನೆರಳಿನಲ್ಲಿ ಒಂದು ಕಡೆಯವರಷ್ಟೇ ನಿಯಮ ಬದಲಿಸುತ್ತಿದ್ದಾರೆ. ಅದನ್ನು ಪೂಜಾ ಸ್ವಾತಂತ್ರ್ಯ ಎನ್ನಲು ನನಗೆ ಸಾಧ್ಯವಿಲ್ಲ.

ಪೂರ್ವ ಜೆರುಸಲೇಮಿನ ಪ್ಯಾಲೆಸ್ಟೀನಿಯರು ಇಸ್ರೇಲಿನ ನಾಗರಿಕರೇ?

ಬಹುತೇಕರು ಅಲ್ಲ, ಅವರಿಗಿರುವುದು ಕಾಯಂ ನಿವಾಸದ ಪರವಾನಗಿ. ನಗರಸಭೆಗೆ ಮತ ಹಾಕಬಹುದು, ಸಂಸತ್ತಿಗೆ ಹಾಕುವಂತಿಲ್ಲ. ಬದುಕಿನ ಕೇಂದ್ರ ಊರಿನ ಹೊರಗಿದೆಯೆಂದು ಅಧಿಕಾರಿಗಳಿಗೆ ಅನ್ನಿಸಿದರೆ ಪರವಾನಗಿ ರದ್ದು. 1967ರಿಂದ ಹೀಗೆ 14,000ಕ್ಕೂ ಹೆಚ್ಚು ಜನ ಹುಟ್ಟಿದ ಊರಿನಲ್ಲಿರುವ ಹಕ್ಕು ಕಳೆದುಕೊಂಡಿದ್ದಾರೆ. ಊರಿನ ಸುಮಾರು 10 ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಮಂದಿ ಪ್ಯಾಲೆಸ್ಟೀನಿಯರು.

ಮನೆಯ ಪತ್ರಗಳ ಜಗಳ ಇನ್ನೂ ಕಹಿ. 1948ಕ್ಕೆ ಮುಂಚೆ ಪೂರ್ವದಲ್ಲಿದ್ದ ಯಹೂದಿ ಆಸ್ತಿಯನ್ನು ಮರಳಿ ಪಡೆಯಲು 1970ರ ಇಸ್ರೇಲಿ ಕಾನೂನು ಅವಕಾಶ ಕೊಡುತ್ತದೆ. ಪಶ್ಚಿಮದಲ್ಲಿ ಮನೆ ಕಳೆದುಕೊಂಡ ಅರಬರಿಗೆ ಅಂಥ ಅವಕಾಶವಿಲ್ಲ. 2021ರಲ್ಲಿ ಸುದ್ದಿಯಾದ ಶೇಖ್ ಜರ್ರಾ ಬಡಾವಣೆಯ ವ್ಯಾಜ್ಯ ಇದೇ. ಅಲ್ಲಿನ ಮನೆಗಳು 1950ರ ದಶಕದಲ್ಲಿ ಜೋರ್ಡಾನ್ ಮತ್ತು ವಿಶ್ವಸಂಸ್ಥೆ ಸೇರಿ 28 ನಿರಾಶ್ರಿತ ಕುಟುಂಬಗಳಿಗೆ ಕಟ್ಟಿಸಿಕೊಟ್ಟವು. ಒಮ್ಮೆ ಮನೆ ಕಳೆದುಕೊಂಡವರ ಮಕ್ಕಳನ್ನೇ ಮತ್ತೆ ಎಬ್ಬಿಸುವ ಕಾನೂನು ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಜೆರುಸಲೇಮ್ ಯಾರ ರಾಜಧಾನಿ? ಭಾರತ ಏನನ್ನುತ್ತದೆ?

ಇಡೀ ಊರು ತನ್ನ ರಾಜಧಾನಿ ಎಂದು ಇಸ್ರೇಲ್ 1980ರಲ್ಲಿ ಕಾನೂನು ಮಾಡಿತು. ಭದ್ರತಾ ಮಂಡಳಿ ಅದನ್ನು ಅಸಿಂಧುವೆಂದಿತು. ಪೂರ್ವ ಭಾಗ ತಮ್ಮ ರಾಜಧಾನಿಯಾಗಬೇಕೆಂದು ಪ್ಯಾಲೆಸ್ಟೀನಿಯರ ಹಕ್ಕೊತ್ತಾಯ. 2017ರ ಡಿಸೆಂಬರಿನಲ್ಲಿ ಅಮೆರಿಕ ಇಸ್ರೇಲಿನ ವಾದಕ್ಕೆ ಮನ್ನಣೆ ಕೊಟ್ಟು, ಮುಂದಿನ ಮೇ ತಿಂಗಳಲ್ಲಿ ರಾಯಭಾರ ಕಚೇರಿಯನ್ನು ಅಲ್ಲಿಗೆ ಸಾಗಿಸಿತು. ಆ ನಿರ್ಧಾರದ ವಿರುದ್ಧ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಹಾಕಿದ 128 ದೇಶಗಳಲ್ಲಿ ಭಾರತವೂ ಒಂದು. ಭಾರತದ ರಾಯಭಾರ ಕಚೇರಿ ಟೆಲ್ ಅವೀವ್‌ನಲ್ಲಿದೆ. 1947ರಲ್ಲೂ ವಿಭಜನೆಯ ವಿರುದ್ಧ ಮತ ಹಾಕಿದ್ದ ಭಾರತ, ಅದಕ್ಕೆ ಬದಲಾಗಿ ಒಕ್ಕೂಟ ರಾಜ್ಯದ ಯೋಜನೆಯನ್ನು ಬೆಂಬಲಿಸಿತ್ತು.

ಯಾರೂ ಒಪ್ಪಬಹುದಾದ ಪರಿಹಾರವನ್ನೇ ಮುಂದಿಟ್ಟಿಲ್ಲವೇ?

ಇಟ್ಟಿದ್ದಾರೆ. 2000ದ ಕ್ಯಾಂಪ್ ಡೇವಿಡ್ ಮಾತುಕತೆ ವಿಫಲವಾದ ಬಳಿಕ, ಡಿಸೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಕೊಟ್ಟ ಸೂತ್ರ ಹೀಗಿತ್ತು: ಅರಬ್ ಬಡಾವಣೆಗಳು ಪ್ಯಾಲೆಸ್ಟೀನಿಗೆ, ಯಹೂದಿ ಬಡಾವಣೆಗಳು ಇಸ್ರೇಲಿಗೆ, ಜಗಲಿಯ ಮೇಲ್ಭಾಗ ಪ್ಯಾಲೆಸ್ಟೀನಿಗೆ, ಪಶ್ಚಿಮ ಗೋಡೆ ಇಸ್ರೇಲಿಗೆ. ಜಗಲಿಯ ಕೆಳಗಿನ ಮಣ್ಣು ಯಾರದ್ದೆಂಬುದಕ್ಕೂ ಪ್ರತ್ಯೇಕ ವಾಕ್ಯ ಬರೆಯಬೇಕಾಯಿತು.

ನನಗೆ ಹೆಚ್ಚು ಹಿಡಿಸಿದ್ದು 2008ರ ಪ್ರಸ್ತಾಪ. ಪವಿತ್ರ ಸ್ಥಳಗಳಿರುವ ಪ್ರದೇಶದ ಸಾರ್ವಭೌಮತ್ವವನ್ನು ಯಾರೂ ಸಾಧಿಸದೆ, ಇಸ್ರೇಲ್, ಪ್ಯಾಲೆಸ್ಟೀನ್, ಜೋರ್ಡಾನ್, ಸೌದಿ ಅರೇಬಿಯಾ ಮತ್ತು ಅಮೆರಿಕ ಸೇರಿ ನೋಡಿಕೊಳ್ಳಲಿ ಎಂದು ಇಸ್ರೇಲಿನ ಪ್ರಧಾನಿ ಎಹುದ್ ಓಲ್ಮರ್ಟ್ ಹೇಳಿದರು. ‘ಇದು ನಿನ್ನದು’ ಎಂದು ಎದುರಾಳಿಗೆ ಬರೆದುಕೊಡುವ ಸಂಕಟ ಅದರಲ್ಲಿ ಯಾರಿಗೂ ಇರಲಿಲ್ಲ. ಆದರೆ ಸಹಿ ಹಾಕದೆ ನಕ್ಷೆಯ ಪ್ರತಿ ಕೊಡುವುದಿಲ್ಲವೆಂದು ಓಲ್ಮರ್ಟ್ ಪಟ್ಟುಹಿಡಿದರು, ಅಧ್ಯಯನ ಮಾಡದೆ ಸಹಿ ಹಾಕಲು ಪ್ಯಾಲೆಸ್ಟೀನಿಯರ ಅಧ್ಯಕ್ಷ ಮಹಮೂದ್ ಅಬ್ಬಾಸ್ ಒಪ್ಪಲಿಲ್ಲ. ನೋಡಿದ್ದನ್ನು ನೆನಪಿನಿಂದ ಕಾಗದದ ಮೇಲೆ ಗೀಚಿಕೊಂಡು ಹೋದರು. ಅಷ್ಟರಲ್ಲಿ ಭ್ರಷ್ಟಾಚಾರದ ಆರೋಪದಲ್ಲಿ ಸಿಲುಕಿದ ಓಲ್ಮರ್ಟ್ ಅಧಿಕಾರ ಬಿಡಬೇಕಾಯಿತು. ಪ್ರಸ್ತಾಪಕ್ಕೆ ಉತ್ತರ ಬರಲೇ ಇಲ್ಲ.